ಸಾತವ್ವ ಬೆರಳಿಟ್ಟು ಓದುತ್ತಾಳೆ

ಗಲಗಲಿಯ ಸಾತವ್ವ ಓದು ಕಲಿತದ್ದು ಐವತ್ತು ದಾಟಿದ ಮೇಲೆ. ಅಲ್ಲಿಯತನಕ ಕುರಿ ಹಿಂಡಿನ ಹಿಂದೆ ತಿರುಗಿದ ಜೀವ. ವಯಸ್ಕರ ಸಾಲೆಯಲ್ಲಿ ಸಾಲಿನ ಕೆಳಗೆ ಬೆರಳಿಟ್ಟು ಓದಲು ಕಲಿಸಿದರು, ಅವಳು ಅದನ್ನು ಬಿಡಲೇ ಇಲ್ಲ. ಗೊಬ್ಬರದ ಚೀಲ, ಲಗ್ನಪತ್ರಿಕೆ, ಎಲ್ಲದಕ್ಕೂ ಬೆರಳು. ಬಸ್ಸಿನ ಬೋರ್ಡಿಗಾದರೆ ಗಾಳಿಯಲ್ಲೇ ಆಡಿಸುತ್ತಾಳೆ. ನಗುವವರು ನಗಲಿ, ಅವಳು ಕ್ಯಾರೇ ಅನ್ನುವುದಿಲ್ಲ.

ಮೊಬೈಲಿನಲ್ಲಿ ಮಾತ್ರ ಈ ಬೆರಳೇ ಅವಳ ಜೀವ ತಿಂದಿತು. ಸುದ್ದಿ ತೆಗೆದು ಸಾಲಿನ ಕೆಳಗೆ ಇಟ್ಟರೆ ಸಾಕು, ಇಸ್ಪೀಟಿನ ಆಟ ತೆರೆದುಕೊಳ್ಳುತ್ತಿತ್ತು. ಅಲ್ಲಿಂದ ಹೊರಬಂದರೆ ಕೂದಲು ಬೆಳೆಸುವ ಎಣ್ಣೆ. ಅದನ್ನೂ ದಾಟಿದರೆ ಯಾವಳೋ ಕುಣಿಯುತ್ತಿದ್ದಳು. ಮೂರು ಸಾಲು ಓದುವಷ್ಟರಲ್ಲಿ ಹತ್ತು ಸಲ ದಾರಿ ತಪ್ಪಿಸಿದರೆ ಯಾರ ತಲೆ ಕೆಡುವುದಿಲ್ಲ ಹೇಳಿ. ಒಂದು ದಿನ ಏನನ್ನೋ ಮುಟ್ಟಿ ಏನೋ ಡೌನ್‌ಲೋಡ್ ಆಗಿ ಫೋನು ಒದರತೊಡಗಿತು. ಮಗ ಮಾಳಿಂಗರಾಯ ಕಸಿದುಕೊಂಡ.

"ಯವ್ವಾ, ಇನ್ನ ಇದನ್ನ ಮುಟ್ಟಬ್ಯಾಡ. ನಾನ ಓದಿ ಹೇಳತೇನಿ."

"ನನ್ನ ಕಣ್ಣಿಗೇನಾಗೇತಿ?"

"ಕಣ್ಣ ಛಲೋ ಅದಾವ ಬೇ. ಬೆರಳ ಸುಮ್ನಿರಂಗಿಲ್ಲ."

ಅವನ ಓದೋ, ದೇವರಿಗೇ ಪ್ರೀತಿ. ಆ ವಾರ ಸುತ್ತಲಿನ ಹಿಂಡುಗಳಿಗೆ ನೀಲಿ ನಾಲಿಗೆ ರೋಗ ಬಿದ್ದಿತ್ತು. ಫೋನಿನಲ್ಲಿ ಉದ್ದನೆಯ ಬರಹ ಬಂದಿತ್ತು. ಮಾಳಿಂಗರಾಯ ತಲೆಬರಹ ನೋಡಿ, "ಕುರಿಗೆ ರೋಗ ಬಂದೇತಂತ, ಹುಷಾರಿರಬೇಕಂತ. ಅಷ್ಟ," ಎಂದ.

"ಇಷ್ಟ ಹೇಳಾಕ ಅವ್ರು ಅಷ್ಟುದ್ದ ಬರದಾರೇನು?"

ಅವನು ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋದ. ಸಾತವ್ವನಿಗೆ ಸಿಟ್ಟು ನೆತ್ತಿಗೇರಿತು. ಅರವತ್ತು ಕುರಿಗಳನ್ನು ಮರಿಯಿಂದ ಸಾಕಿದವಳು ಅವಳು, ಅರ್ಧ ಸುದ್ದಿ ಕೇಳಿ ಸುಮ್ಮನಿರಬೇಕೆ? ನೇರ ಸೊಸೆ ವೈಶಾಲಿಯ ಮುಂದೆ ಹೋಗಿ ನಿಂತಳು. "ನಿನ್ನ ಫೋನ್ ಕೊಡವ್ವಾ. ಓದೂದ ಖರೆ. ಯಾರು ಬ್ಯಾಡಂತಾರ ನೋಡೇ ಬಿಡೂಣು."

ವೈಶಾಲಿ ರೊಟ್ಟಿಯ ಹಿಟ್ಟಿನ ಕೈ ಒರೆಸಿಕೊಂಡು ಆ ಬರಹ ತೆಗೆದಳು. ಮೇಲಿನ ಪಟ್ಟಿಯಲ್ಲಿ ಹಾಳೆಯಂಥ ಸಣ್ಣ ಗುರುತೊಂದಿತ್ತು. "ಇದನ್ನ ಒತ್ತರಿ ಅತ್ತಿ. ಬರೇ ಓದೂದ ಉಳೀತೈತಿ." ಒತ್ತಿದಳು. ಇಸ್ಪೀಟು, ಎಣ್ಣೆ, ಕುಣಿಯುವವಳು, ಎಲ್ಲ ಮಾಯ. ಬಿಳಿ ಹಾಳೆ, ಕರಿ ಅಕ್ಷರ. ವೈಶಾಲಿ ಅಕ್ಷರಗಳನ್ನು ದೊಡ್ಡವು ಮಾಡಿಕೊಟ್ಟಳು. ಸಾತವ್ವ ಅಂಜುತ್ತ ಬೆರಳಿಟ್ಟಳು. ಜೋರಾಗಿ ಒತ್ತಿದಾಗ ಶಬ್ದದ ಮೇಲೊಂದು ನೀಲಿ ಪಟ್ಟಿ ಬಿತ್ತು, ಬೇರೇನೂ ತೆರೆಯಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ಸಂಜೆಯತನಕ ಓದಿದಳು.

ಮಾಳಿಂಗರಾಯ ಬಂದವನೇ ಕೈ ಚಾಚಿದ. "ಮತ್ತ ಹಿಡಕೊಂಡಿ? ತಾ ಇಲ್ಲಿ."

"ಕೊಡಂಗಿಲ್ಲ. ಕುಂಡರು. ಈಗ ನಾ ಓದತೇನಿ, ನೀ ಕೇಳು."

ಅವನು ನಕ್ಕು ಕುಳಿತ. ಸಾತವ್ವ ಒಂದೊಂದೇ ಶಬ್ದ ಕೂಡಿಸಿ ಓದಿದಳು: "ಈ ರೋಗ ನುಸಿ ಕಚ್ಚಿ ಹರಡುತ್ತದೆ. ನಿಂತ ನೀರು, ಕೆಸರಿನ ಹತ್ತಿರ ಹಿಂಡನ್ನು ರಾತ್ರಿ ತಂಗಿಸಬಾರದು." ಓದಿ ಮಗನ ಮುಖ ನೋಡಿದಳು.

"ಕುರಿ ದಡ್ಡಿ ಎಲ್ಲಿ ಹಾಕೀಯೋ?"

ಮಾಳಿಂಗರಾಯನ ನಗು ಇಳಿಯಿತು. ಕುರಿಗಳನ್ನು ಹೊಳೆದಂಡೆಯ ಹೊಂಡದ ಪಕ್ಕದಲ್ಲೇ ರಾತ್ರಿಗೆಂದು ಕೂಡಿಹಾಕಿ ಬಂದಿದ್ದ. ಎದ್ದು ಬಡಿಗೆ ತೆಗೆದುಕೊಂಡ.

"ಎಲ್ಲಿಗಿ ಹೊಂಟಿ?" ಸಾತವ್ವ ಕತ್ತೆತ್ತಲಿಲ್ಲ. "ಇನ್ನೂ ನಾಕ ಸಾಲ ಅದಾವ. ಪೂರಾ ಕೇಳಿ ಹೋಗು."

ಅವನು ಬಡಿಗೆ ಹಿಡಿದು ನಿಂತೇ ಕೇಳಿದ.