ಬಾಣಂತಿ ಮನೆಯ ಕೆಳಗೆ ದಪ್ಪ ಆಯಿಲ್

ಅಟ್ಟೂರಿನ ನಮ್ಮ ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ಓನರ್ ಅಜ್ಜಿ ಇದ್ದಾರೆ. ಧನುರ್ಮಾಸದ ಚಳಿಯಲ್ಲಿ ಅವರ ಮಗಳು ಬಾಣಂತನಕ್ಕೆ ಬಂದಳು. ರಾತ್ರಿಯಿಡೀ ರಾಗ ಎಳೆಯುವ ಕೂಸು ನಿದ್ದೆಗೆ ಜಾರುತ್ತಿದ್ದದ್ದು ಬೆಳಗಿನ ಜಾವ. ಸರಿಯಾಗಿ ಆಗಲೇ ನಾನು ಹೆಂಡತಿಯನ್ನು ಯಶವಂತಪುರ ಸ್ಟೇಷನ್ನಿಗೆ ಬಿಡಲು ನಮ್ಮ ಹಳೆಯ ಕಾರು ಸ್ಟಾರ್ಟ್ ಮಾಡಬೇಕು. ಅದೋ, ಡಬ್ಬದಲ್ಲಿ ಗೋಲಿ ಕುಲುಕಿದಂತೆ ಕಟಕಟ ಎನ್ನುತ್ತಿತ್ತು. ಮೇಲೆ ಕೂಸು ಕಿರುಚುತ್ತಿತ್ತು.

ಒಂದು ದಿನ ಬಾಣಂತಿಯೇ ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಳು. "ಅಣ್ಣಾ, ಒಂದೇ ಒಂದ್ ದಿನ ನಾನು ನಿದ್ದೆ ಮಾಡ್ಬೇಕು," ಎಂದಳು. ಕಣ್ಣುಗಳು ಗುಳಿ ಬಿದ್ದಿದ್ದವು.

ಕೂಡಲೇ ಗ್ಯಾರೇಜಿಗೆ ಓಡಿದೆ. "ಇರೋದ್ರಲ್ಲೇ ದಪ್ಪ ಆಯಿಲ್ ಹಾಕ್ರೀ, ಸೌಂಡ್ ಅಮುಕಿ ಹಾಕ್ಬೇಕು," ಎಂದೆ. ದಪ್ಪ ರಗ್ಗು ಹೊದ್ದರೆ ಗೊರಕೆ ಹೊರಗೆ ಕೇಳದು ಎಂಬಂಥ ತರ್ಕ ನನ್ನದು. ಆ ಮಧ್ಯಾಹ್ನ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಾರು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಆಫ್ ಆಗಿಹೋಯಿತೇ ಎಂದು ಆಕ್ಸಿಲರೇಟರ್ ಒತ್ತಿ ನೋಡಿದೆ.

ಮರುದಿನ ಬೆಳಗ್ಗೆ ಕೀ ತಿರುಗಿಸಿದರೆ ಮೊದಲಿಗಿಂತ ಜೋರು, ಮೊದಲಿಗಿಂತ ಹೆಚ್ಚು ಹೊತ್ತು ಕಟಕಟ! ಕೂಸಿನ ಜೊತೆ ಬೀದಿನಾಯಿಗಳೂ ಎದ್ದವು.

ಅಂದಿನಿಂದ ಹೆಂಡತಿಯನ್ನು ಸ್ಟೀರಿಂಗ್ ಹಿಡಿಯಲು ಕೂರಿಸಿ, ಕಾರನ್ನು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡತೊಡಗಿದೆ. ವಾಕಿಂಗ್ ಹೊರಟ ಮಂಕಿ ಕ್ಯಾಪ್ ಹಿರಿಯರು ಬ್ಯಾಟರಿ ಹೋಗಿದೆ ಎಂದುಕೊಂಡು ಕೈಜೋಡಿಸಿದರು. ನಿಜ ಹೇಳಲು ನನಗೆ ನಾಚಿಕೆ. ಅವರಿಗೋ ದಿನವೂ ಅದೇ ವ್ಯಾಯಾಮವಾಯಿತು.

ಒಂದು ಭಾನುವಾರ ಅಜ್ಜಿ ಕೂಸಿಗೆ ಎಣ್ಣೆ ಹಚ್ಚಲು ಕೂತು ಹರಳೆಣ್ಣೆ ಬಾಟಲಿಯನ್ನು ತಲೆಕೆಳಗು ಹಿಡಿದಿದ್ದರು. ಒಂದು ಹನಿಯೂ ಇಳಿಯಲೊಲ್ಲದು. "ಈ ಚಳಿಗೆ ದಪ್ಪ ಎಣ್ಣೆ ಎಲ್ಲಿ ಇಳಿಯುತ್ತೆ, ಬಿಸಿ ಮಾಡ್ಬೇಕು," ಎಂದು ಗೊಣಗಿದರು. ನನಗೆ ಆಗ ಹೊಳೆಯಿತು. ನನ್ನ ಎಂಜಿನ್ನಿನದೂ ಅದೇ ಪಾಡು. ರಾತ್ರಿ ತಳಕ್ಕಿಳಿದ ದಪ್ಪ ಆಯಿಲ್ ಚಳಿಯಲ್ಲಿ ತೆವಳಿಕೊಂಡು ಮೇಲೇರುವಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿದು ರಂಪ. ಕಾದ ಮೇಲೆ ಪರಮ ಸಾಧು. ಸೋಮವಾರವೇ ಆ ಎಂಜಿನ್ನಿಗೆ ಒಪ್ಪುವ ತೆಳು ಆಯಿಲ್ ಹಾಕಿಸಿದೆ.

ಮರುದಿನ ಗೇಟಿನೊಳಗೇ ಉಸಿರು ಬಿಗಿಹಿಡಿದು ಕೀ ತಿರುಗಿಸಿದೆ. ಕಟ್ ಎಂದದ್ದಷ್ಟೇ, ಕಾರು ಮೆತ್ತಗಾಯಿತು. ಮೇಲೆ ಸದ್ದಿಲ್ಲ. ನಾನೂ ಹೆಂಡತಿಯೂ ಮುಖಮುಖ ನೋಡಿಕೊಂಡೆವು. ಖುಷಿಗೆ ನನ್ನ ಕಣ್ಣು ತುಂಬಿತು.

ತಳ್ಳಲೆಂದು ಗೇಟಿನಾಚೆ ಕಾದು ನಿಂತಿದ್ದ ಮಂಕಿ ಕ್ಯಾಪ್‌ಗಳಿಗೆ ನನಗಿಂತ ಖುಷಿ. "ಸ್ಟಾರ್ಟ್ ಆಯ್ತು ಕಣ್ರೀ!" ಎಂದು ಒಬ್ಬರು ಕೂಗಿದರು. ಉಳಿದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು.

ಮೇಲೆ ಕೂಸು ಕಿರುಚಿತು. ಬಾಣಂತಿ ಬಾಲ್ಕನಿಗೆ ಬಂದು ಬಗ್ಗಿ ನೋಡಿದಳು.

"ಅಣ್ಣಾ, ಕಾರೇನೋ ಸುಮ್ನಾಯ್ತು. ಇವರಿಗೆ ಯಾವ ಆಯಿಲ್ ಹಾಕಿಸ್ತೀರಾ?"