ಪಾಚಿ ಕೊಳದ ನೀಲಿ ಕೆನೆ

ನನ್ನ ಮೊದಲ ಕೆಲಸ ನಂಜನಗೂಡಿನ ಹೊರಗೆ, ಕಪಿಲಾ ನದಿಗೆ ಹತ್ತಿರದ ಒಂದು ಜಮೀನಿನಲ್ಲಿ. ಅಲ್ಲಿನ ಯಜಮಾನರು ಕಬ್ಬು ತೆಗೆಸಿ, ಪ್ಲಾಸ್ಟಿಕ್ ಹಾಸಿದ ಕೊಳಗಳಲ್ಲಿ ಪಾಚಿ ಬೆಳೆಸಿ, ಅದರ ಎಣ್ಣೆಯಿಂದ ಡೀಸೆಲ್ ಮಾಡಲು ಹೊರಟಿದ್ದರು. ಬಿಎಸ್ಸಿ ಮುಗಿಸಿದ್ದ ನಾನು ಟಿ. ನರಸೀಪುರದ ಕಡೆಯ ನಮ್ಮೂರಿನಿಂದ ಬಸ್ಸಿನಲ್ಲಿ ಬಂದು ಕೊಳದ ನೀರು ಪರೀಕ್ಷಿಸುತ್ತಿದ್ದೆ. ಮೊದಲ ಸಲ ಆ ಎಣ್ಣೆಯಿಂದ ಪಂಪ್‌ಸೆಟ್ ಓಡಿದಾಗ ಯಜಮಾನರು ಹೊಗೆಯಲ್ಲೇ ನಿಂತು, ಕೆಮ್ಮುತ್ತಾ ನಕ್ಕಿದ್ದರು.

ಆ ಬೇಸಿಗೆ ಸೆಕೆ ವಿಪರೀತ. ಒಂದು ಬೆಳಿಗ್ಗೆ ದೊಡ್ಡ ಕೊಳದ ಅಂಚಿನಲ್ಲಿ ಪೇಂಟ್ ಚೆಲ್ಲಿದಂತೆ ನೀಲಿ ಕೆನೆ ಕಟ್ಟಿತ್ತು. ಕೊಳೆತ ವಾಸನೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಾವು ಬೆಳೆಸಿದ ದುಂಡನೆಯ ಹಸಿರು ಕಣಗಳು ಎಲ್ಲೋ ಒಂದೊಂದು. ಉಳಿದದ್ದೆಲ್ಲ ಮಣಿಸರದಂಥ ಎಳೆಗಳು.

"ಇದು ನಮ್ಮ ಪಾಚಿ ಅಲ್ಲ ಸಾ. ಇದರಲ್ಲಿ ಕೆಲವು ಜಾತಿ ವಿಷ ಬಿಡ್ತವೆ. ಯಾರೂ ಮುಟ್ಟಬಾರ್ದು," ಎಂದು ಯಜಮಾನರಿಗೆ ಹೇಳಿದೆ.

"ಪಾಚಿ ಪಾಚಿನೇ ಕಣವ್ವ. ತೂಬು ಎತ್ತಿ ಅಳ್ಳಕ್ಕೆ ಬುಟ್ಟು, ಒಸ ನೀರು ತುಂಬುಸ್ತೀನಿ."

ಹಳ್ಳ ಸೇರುವುದು ಕಪಿಲೆಯನ್ನು. ಕಪಿಲೆ ಹರಿಯುವುದು ನಮ್ಮೂರಿನ ಕಡೆಗೆ. ಬೇಡವೇ ಬೇಡ ಎಂದು ತೂಬಿಗೆ ಅಡ್ಡ ನಿಂತೆ.

ನಾವು ವಾದಿಸುತ್ತಿರುವಾಗಲೇ ಅವರ ನಾಯಿ ಕೊಳಕ್ಕೆ ಬಾಯಿ ಹಾಕಿ ನೀರು ಕುಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಅದರ ಕಾಲುಗಳು ತಡವರಿಸಿದವು, ಬಾಯಲ್ಲಿ ನೊರೆ ಬಂತು. ಯಜಮಾನರು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಸಂಜೆಯೊಳಗೆ ಸತ್ತಿತು. ತೂಬಿನ ಮಾತು ಅವರು ಮತ್ತೆ ಎತ್ತಲಿಲ್ಲ. ಕೊಳದ ಸುತ್ತ ಮುಳ್ಳು ಹಾಕಿಸಿ, ನೀರು ಬಿಸಿಲಿಗೆ ಬತ್ತಲಿ ಎಂದು ಕಾದೆವು.

ಬತ್ತುವ ಮೊದಲೇ ಮಳೆ ಬಂತು. ನಾನು ಬಸ್ಸಿಳಿದು ಓಡಿಹೋಗುವಷ್ಟರಲ್ಲಿ ಕೊಳದ ಏರಿ ಒಡೆದು, ನೀಲಿಗಟ್ಟಿದ ನೀರು ಹಳ್ಳದ ತುಂಬ ಹೋಗುತ್ತಿತ್ತು. ಯಜಮಾನರು ಮೊಳಕಾಲುದ್ದ ಕೆಸರಿನಲ್ಲಿ ನಿಂತು ಮಣ್ಣು ಸುರಿಯುತ್ತಿದ್ದರು. ಸುರಿದ ಮಣ್ಣೂ ಕೊಚ್ಚಿ ಹೋಗುತ್ತಿತ್ತು.

ಅವ್ವನಿಗೆ ಫೋನ್ ಮಾಡಿದೆ. "ಒಳೆ ನೀರು ಮುಟ್ಬೇಡ ಕಣವ್ವ, ಎಮ್ಮೇನೂ ಬುಡ್ಬೇಡ."

"ಎಮ್ಮೆ ಆಗ್ಲೇ ಒಳೇಲದಲ್ಲ!"

"ಈಗ್ಲೇ ಒಡ್ಕಂಡು ಬಾ."

ಯಜಮಾನರು ಹೊಳೆಯಂಚಿನ ಊರುಗಳಲ್ಲಿ ಗೊತ್ತಿದ್ದವರಿಗೆಲ್ಲ ತಾವೇ ಫೋನ್ ಮಾಡಿದರು. ಕೆಲವರು ಬೈದರು, ಕೆಲವರು ನಕ್ಕರು. ನಮ್ಮ ಎಮ್ಮೆಗೆ ಏನೂ ಆಗಲಿಲ್ಲ. ಬೇರೆ ಯಾರಿಗಾದರೂ ಏನಾದರೂ ಆಗಿದ್ದರೆ, ಅದು ಈ ನೀರಿನಿಂದ ಎಂದು ಆ ಜನರಿಗೆ ಹೊಳೆದಿರಲಾರದು.

ಯಜಮಾನರು ಕೊಳಗಳಿಗೆ ಮಣ್ಣು ತುಂಬಿಸಿದರು. ನಾನು ಬೇರೆ ಕೆಲಸ ನೋಡಿಕೊಂಡೆ. ಈಗಲೂ ಬೇಸಿಗೆಯಲ್ಲಿ ಅವ್ವ ಹೊಳೆಗೆ ಹೊರಟರೆ, ಅವಳಿಗಿಂತ ಮುಂಚೆ ಹೋಗಿ ದಡದ ನೀರನ್ನು ನೋಡಿ ಬರುತ್ತೇನೆ.