ಬೋರಮ್ಮನ ಅಡುಗೆಮನೆಯ ಇಂಗ್ಲಿಷು

ಮಾದಿಹಳ್ಳಿಯ ಹೋಮ್‌ಸ್ಟೇ ಅಡುಗೆಮನೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅತಿಥಿಯಾಗಿ ಬಂದ ನಾನು ಬಾಗಿಲ ಬಳಿ ಕೂತು ನೋಡುತ್ತಿದ್ದೇನೆ. ಬೋರಮ್ಮ ಅಕ್ಕಿಹಿಟ್ಟಿಗೆ ಬಿಸಿನೀರು ಸುರಿದು 'ಮಿಕ್ಸ್' ಎನ್ನುತ್ತಾರೆ. ಎದುರಿನ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಪಿಲಾರ್ ಹಿಟ್ಟಿಗೆ ಕೈಹಾಕಿ, 'ಐ ಮಿಕ್ಸ್' ಎನ್ನುತ್ತಾರೆ. ಬೋರಮ್ಮನ ಹುಬ್ಬು ಗಂಟಿಕ್ಕುತ್ತದೆ. 'ಮಿಕ್ಸ್' ಬೋರಮ್ಮ ಕಲಿಸಿದ್ದು. ಆ 'ಐ' ಮಾತ್ರ ಬೇಲೂರಿನಿಂದ ಬಂದದ್ದು.

ಪಿಲಾರ್ ಸ್ಪೇನ್ ದೇಶದವರು, ಐವತ್ತರ ಆಸುಪಾಸಿನ ಚಿತ್ರಕಾರ್ತಿ. ಹಳೇಬೀಡಿನ ಶಿಲ್ಪಗಳ ಚಿತ್ರ ಬರೆಯಲು ಬಂದು ಇಲ್ಲಿ ಉಳಿದು ನಾಲ್ಕು ತಿಂಗಳಾಗಿದೆ. ಬಂದಾಗ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ. ಮೈಸೂರಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಲಿದ್ದು, ಅಲ್ಲಿ ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕು. ಮೊದಲ ಪಾಠ ಶುರುವಾದದ್ದು ಈ ಒಲೆಯ ಮುಂದೆ. ಬಂದುಹೋದ ಅತಿಥಿಗಳ ಬಾಯಿಂದ ಬೋರಮ್ಮ ಹೆಕ್ಕಿಕೊಂಡ ಮಾತುಗಳು: ಕಟ್, ವಾಶ್, ಕುಕ್, ಈಟ್. ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಮಾಡಲೂ ಬೇಕು. ಈರುಳ್ಳಿ ಹೆಚ್ಚದವರಿಗೆ ಬೋರಮ್ಮ 'ಕಟ್' ಕಲಿಸುವುದಿಲ್ಲ.

ಕಷ್ಟವೂ ಇಬ್ಬರಿಗೂ ಒಂದೇ ಆಗಿತ್ತು. ಸ್ಪ್ಯಾನಿಷಿನಲ್ಲೂ ನಮ್ಮ ಕನ್ನಡದ ಹಾಗೆ 'ತಿನ್ನುತ್ತೇನೆ' ಎಂದರೆ ಸಾಕು, 'ನಾನು' ಎಂದು ಬೇರೆ ಹೇಳಬೇಕಿಲ್ಲ. ಹಾಗಾಗಿ ಇಬ್ಬರೂ 'ಐ' ಬಿಟ್ಟು ಬರೀ 'ಈಟ್', 'ವಾಂಟ್' ಎಂದುಕೊಂಡು ಹಾಯಾಗಿದ್ದರು.

ಬೋರಮ್ಮನದು ಗೆಂಡೆಹಳ್ಳಿಯ ತವರು, ನಾಲ್ಕನೇ ಕ್ಲಾಸಿನ ಓದು. ಗಂಡ ಮರಿಯಣ್ಣ ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸೌಟು ಹಿಡಿದವರು, ಇಪ್ಪತ್ತು ವರ್ಷವಾದರೂ ಕೆಳಗಿಟ್ಟಿಲ್ಲ. ಸೀಸನ್ನಿನಲ್ಲಿ ದಿನಕ್ಕೆ ಮೂವತ್ತು ಎಲೆ ಬೀಳುತ್ತದೆ. ಉಂಡವರು ಹೊರಡುವಾಗ ಮಾಲೀಕ ಶಿವಪ್ರಕಾಶ್ ಅವರ ಕೈ ಕುಲುಕಿ, ಊಟ ಬಹಳ ಚೆನ್ನಾಗಿತ್ತು ಎನ್ನುತ್ತಾರೆ. ಬೋರಮ್ಮ ಆಗ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿರುತ್ತಾರೆ. ಹೀಗಿರುವಾಗ ಒಬ್ಬಾಕೆ ಬಂದು ಇವರ ಮುಂದೆ ಶಿಷ್ಯೆಯಾಗಿ ಕೂತರೆ ಯಾರಿಗೆ ತಾನೇ ಬಿಟ್ಟುಕೊಡಲು ಮನಸ್ಸಾದೀತು?

ಬಿಟ್ಟುಕೊಡುವ ಪ್ರಸಂಗ ಬಂದೇ ಬಂತು. ಪ್ರದರ್ಶನ ಹತ್ತಿರವಾಯಿತೆಂದು ಶಿವಪ್ರಕಾಶ್ ಬೇಲೂರಿನ ಹೇಮಾಶ್ರೀ ಅವರ ಟ್ಯೂಷನ್ನಿಗೆ ಪಿಲಾರ್ ಅವರನ್ನು ಸೇರಿಸಿದರು. ಹೇಮಾಶ್ರೀ ಎಂ.ಎ. ಓದಿದ ಹುಡುಗಿ, ಒಳ್ಳೆಯ ಟೀಚರ್ ಎಂದು ಹೆಸರಿದೆ. ಆ ಹೆಸರು ಎತ್ತಿದರೆ ಸಾಕು, ಬೋರಮ್ಮ ಕಾವಲಿಯ ಮೇಲಿನ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮಗುಚುತ್ತಾರೆ.

"ನಾನೂ ಇಸ್ಕೂಲು ಅಂತೀನಿ, ಪಿಲಾರಮ್ಮನೂ ಎಸ್ಕೂಲು ಅಂತಿದ್ಲು. ಚೆನ್ನಾಗೇ ಇದ್ವಿ ಕಣ್ರೀ. ಅವ್ಳು ಬಂದು ಅದ್ನ ಸ್ಕೂಲು ಅನ್ನಿಸಿದ್ಲು. ಹೊಟ್ಟೆ ಉರಿಯಾಕಿಲ್ವಾ ನಂಗೆ?"

ಉರಿದದ್ದು ಸಾಲದೆಂಬಂತೆ ಇನ್ನೊಂದು ಸುದ್ದಿ ಬಂತು. ದಿನಾ ಬಸ್ಸಿನಲ್ಲಿ ಓಡಾಡುವುದೇಕೆ, ನಮ್ಮ ಮಹಡಿಯ ರೂಮಿನಲ್ಲೇ ಇದ್ದುಬಿಡಿ ಎಂದು ಹೇಮಾಶ್ರೀ ಕರೆದಿದ್ದರಂತೆ. ಪಿಲಾರ್ ಬ್ಯಾಗನ್ನೂ ಹೊರತೆಗೆದಿದ್ದರು. ಅಂದು ಮಧ್ಯಾಹ್ನ ಬೋರಮ್ಮ ಮುದ್ದೆ ಇಟ್ಟು, ಹುರುಳಿ ಸಾರು ಬಿಟ್ಟು, ಒಂದೂ ಮಾತಿಲ್ಲದೆ ಒಲೆಯತ್ತ ತಿರುಗಿ ನಿಂತರು.

ಈ ಸೀಮೆಯಲ್ಲಿ ಬಡಿಸಿದರಷ್ಟೇ ಊಟವಲ್ಲ, ಉಪಚಾರ ಆಗಬೇಕು. ತಿನ್ನಿ, ಇನ್ನೊಂಚೂರು ಹಾಕಿಸ್ಕೊಳ್ಳಿ ಎಂದು ಗೋಗರೆಯಬೇಕು. ಸಾಕು ಎಂದು ತಟ್ಟೆಗೆ ಅಡ್ಡ ಹಿಡಿದ ಕೈಯನ್ನು ಸರಿಸಿ ಬಡಿಸಬೇಕು. ಬಾಯಿ ಬಿಡದೆ ಬಡಿಸುವುದು ಎದ್ದು ಹೋಗು ಎಂದಂತೆಯೇ. ನಾಲ್ಕು ತಿಂಗಳು 'ಈಟ್, ಈಟ್' ಕೇಳಿಯೇ ಉಂಡ ಪಿಲಾರ್‌ಗೆ ಅದು ಅರ್ಥವಾಗದೆ ಇರಲಿಲ್ಲ. ಅವರು ತಟ್ಟೆ ಮುಟ್ಟಲಿಲ್ಲ. ಮುದ್ದೆ ಆರಿತು.

ಆಮೇಲೆ ಅವರು ಎದ್ದು ಬಂದು ಬೋರಮ್ಮನ ಕೈಹಿಡಿದು ಎಳೆದು ತಂದು ಮಣೆಯ ಮೇಲೆ ಕೂರಿಸಿದರು. ಬೇರೆ ತಟ್ಟೆ ಇಟ್ಟು ಮುದ್ದೆ ಹಾಕಿದರು. ಸಾರಿನ ಸೌಟು ಹಿಡಿದು 'ಯು ಈಟ್' ಎಂದರು. ಬೋರಮ್ಮ ಕೈ ಅಡ್ಡ ಇಟ್ಟರು. ಪಿಲಾರ್ ಆ ಕೈಯನ್ನು ಸರಿಸಿ ಸಾರು ಸುರಿದರು, ಥೇಟ್ ಬೋರಮ್ಮನ ಹಾಗೆಯೇ.

"ಮದ್ವೆಯಾಗಿ ಬಂದಾಗಿಂದ ಎಲ್ರಿಗೂ ಇಕ್ಕಿದೀನಿ. ನನ್ನ ಕೂರಿಸಿ ಇಕ್ಕಿದೋರು ಯಾರೂ ಇಲ್ಲ. ಇವ್ಳೇ ಮೊದ್ಲು," ಎನ್ನುವಾಗ ಬೋರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಅವತ್ತು ಒಂದೂವರೆ ಮುದ್ದೆ ಉಂಡರಂತೆ.

ಬ್ಯಾಗು ಮತ್ತೆ ಮಂಚದ ಕೆಳಗೆ ಹೋಯಿತು. ಪಿಲಾರ್ ಈಗಲೂ ಬೇಲೂರಿಗೆ ಹೋಗುತ್ತಾರೆ, ಸಂಜೆ ಬಸ್ಸಿಗೆ ವಾಪಸ್ಸು ಬರುತ್ತಾರೆ. ಇಷ್ಟಾದ ಮೇಲೆ ಬೋರಮ್ಮನ ಹೊಟ್ಟೆಕಿಚ್ಚು ಆರಿರಬೇಕು ಎಂದುಕೊಂಡರೆ ಅದು ನಮ್ಮ ತಪ್ಪು. ನನಗೂ ಒಳಗೊಳಗೆ ಅಸೂಯೆ, ನಾನು ಉಣ್ಣದಿದ್ದರೆ ಹೀಗೆ ಕೈಹಿಡಿದು ಎಳೆಯುವವರು ಯಾರಿದ್ದಾರೆ ಎಂದು.

ಮುಂದಿನ ಭಾನುವಾರ ಹೇಮಾಶ್ರೀಯೇ ಇಲ್ಲಿಗೆ ಊಟಕ್ಕೆ ಬರುತ್ತಿದ್ದಾರೆ. ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಬೋರಮ್ಮ ಕಾವಲಿಯ ಮೇಲಿನ ರೊಟ್ಟಿಯನ್ನು ಜೋರಾಗಿ ಮಗುಚುತ್ತಾರೆ.

"ಬರ್ಲಿ. ಒಬ್ಬಟ್ಟೇ ಮಾಡ್ತೀನಿ, ತುಪ್ಪಾನೂ ಬಿಡ್ತೀನಿ. ಆದ್ರೆ ಒಂದು ಸಲ ಸಾಕು ಅಂದ್ರೆ ಮುಗೀತು, ಅವ್ಳಿಗೆ ಬಲವಂತ ಮಾಡಾಕಿಲ್ಲ."